ಎಚ್‌ಐವಿ: ನೂಲಿನ ಗಂಟಿನಲ್ಲಿ ಗುಟ್ಟು

ಏಡ್ಸ್ ರೋಗಕ್ಕೆ ಕಾರಣವಾದ ಎಚ್‌ಐವಿಯ ಬಂಡವಾಳ ತೀರ ಸಣ್ಣದು. ಸುಮಾರು 9,700 ಅಕ್ಷರಗಳ ಆರ್‌ಎನ್‌ಎ ನೂಲು, ಅದರಲ್ಲಿ ಒಂಬತ್ತು ವಂಶವಾಹಿಗಳು, ಅಷ್ಟೆ. ನಮ್ಮ ಜೀವಕೋಶದಲ್ಲಿರುವುದೋ 300 ಕೋಟಿ ಅಕ್ಷರಗಳ ಗ್ರಂಥ. ಇಂಥ ಬಡ ವೈರಾಣು ಅಂಥ ಸಿರಿವಂತ ಕೋಶವನ್ನು ಆಳುವುದು ಹೇಗೆ? ಉತ್ತರ ಅಕ್ಷರಗಳಲ್ಲಷ್ಟೇ ಇಲ್ಲ. ನೂಲು ತನ್ನ ಮೇಲೇ ಮಡಿಚಿಕೊಂಡು ಹಾಕಿಕೊಳ್ಳುವ ಗಂಟುಗಳಲ್ಲೂ ಇದೆ.

ಕೋಶದಲ್ಲಿ ಸಾಮಾನ್ಯವಾಗಿ ಡಿಎನ್‌ಎಯಿಂದ ಆರ್‌ಎನ್‌ಎ ನಕಲಾಗುತ್ತದೆ. ಎಚ್‌ಐವಿಯಂಥ ರೆಟ್ರೊವೈರಾಣುಗಳದು ಉಲ್ಟಾ ದಾರಿ. ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಮಾಡಿ ಅದನ್ನು ನಮ್ಮ ವರ್ಣತಂತುವಿನೊಳಗೆ ಹೊಲಿದುಬಿಡುತ್ತದೆ. ಕೋಶದ ನಕಲುಯಂತ್ರ ಅದನ್ನೂ ತನ್ನದೆಂದೇ ಓದತೊಡಗುತ್ತದೆ. ಆದರೆ ಹತ್ತಾರು ಅಕ್ಷರ ದಾಟುವಷ್ಟರಲ್ಲಿ ಮುಗ್ಗರಿಸಿ ನಿಲ್ಲುತ್ತದೆ.

ಅಷ್ಟರಲ್ಲಿ ಹುಟ್ಟಿದ ತುಂಡಿನ 59 ಅಕ್ಷರಗಳು ಹೇರ್‌ಪಿನ್ನಿನಂತೆ ಮಡಿಚಿಕೊಳ್ಳುತ್ತವೆ. ಇದೇ 'ಟಾರ್'. ಅದರ ಪಕ್ಕೆಯಲ್ಲಿ ಮೂರಕ್ಷರದ ಒಂದು ಉಬ್ಬು. ಹೇಗೋ ಕೊನೆಮುಟ್ಟಿದ ಕೆಲವು ನಕಲುಗಳಿಂದ ತಯಾರಾದ 'ಟ್ಯಾಟ್' ಎಂಬ ಪ್ರೋಟೀನು ಆ ಉಬ್ಬನ್ನು ಹಿಡಿಯುತ್ತದೆ. ಬರುವಾಗ ಕೋಶದ್ದೇ ಕಿಣ್ವವೊಂದನ್ನು ಜೊತೆಗೆ ಕರೆತರುತ್ತದೆ. ಆ ಕಿಣ್ವ ಫಾಸ್ಫೇಟ್ ಅಂಟಿಸಿದ್ದೇ ತಡ, ನಿಂತ ಯಂತ್ರ ಕೊನೆಯವರೆಗೂ ಓಡುತ್ತದೆ. ಆರ್‌ಎನ್‌ಎ ಹೆಚ್ಚಿದರೆ ಟ್ಯಾಟ್ ಹೆಚ್ಚು, ಟ್ಯಾಟ್ ಹೆಚ್ಚಿದರೆ ಆರ್‌ಎನ್‌ಎ ಇನ್ನೂ ಹೆಚ್ಚು. ಟ್ಯಾಟ್ ಸಾಲದಾದರೆ ವೈರಾಣು ಮಲಗಿಬಿಡುತ್ತದೆ.

ಎರಡನೆಯ ಗಂಟು ಸಾಗಣೆಯದು. ಕತ್ತರಿಸಿ ಜೋಡಿಸದ ಆರ್‌ಎನ್‌ಎಯನ್ನು ಕೋಶಕೇಂದ್ರ ಹೊರಗೆ ಬಿಡದು. ಬಿಲ್ಲಿಲ್ಲದ ಮೂಟೆ ಮಾಮೂಲ್‌ಪೇಟೆಯ ಗೋದಾಮಿನಿಂದ ಹೊರಬೀಳಬಾರದು ಎಂಬಂಥದೇ ನಿಯಮ, ಇಲ್ಲಿ ಪಾಲನೆ ಮಾತ್ರ ಬಲು ಬಿಗಿ! ಹೊಸ ವೈರಾಣುವಿಗಾದರೋ ಅಖಂಡ ನೂಲೇ ಬೇಕು. ಅದಕ್ಕೆಂದೇ ನೂಲಿನಲ್ಲಿ ಸುಮಾರು 350 ಅಕ್ಷರಗಳ 'ಆರ್‌ಆರ್‌ಇ' ಎಂಬ ಕವಲುಗಂಟು ಇದೆ. 'ರೆವ್' ಪ್ರೋಟೀನುಗಳು ಅದಕ್ಕೆ ಸಾಲಾಗಿ ಅಂಟಿಕೊಂಡರೆ ಅದೇ ರಹದಾರಿ. ಇನ್ನೊಂದು ಗಂಟು ಪ್ರೋಟೀನು ಹೆಣೆಯುವ ರೈಬೋಸೋಮನ್ನು ನೂರಕ್ಕೆ ಸುಮಾರು ಐದು ಸಲ ಒಂದಕ್ಷರ ಹಿಂದಕ್ಕೆ ಜಾರಿಸುತ್ತದೆ. ವೈರಾಣುವಿನ ಕಿಣ್ವಗಳು ಸಿಗುವುದು ಈ ಜಾರಿಕೆಯಿಂದಲೇ.

ಟ್ಯಾಟ್‌ನ ಕಥೆಗೆ ಬೆಂಗಳೂರಿನ ಅಧ್ಯಾಯವೂ ಉಂಟು. ಅಮೆರಿಕ, ಯೂರೋಪಿನಲ್ಲಿ ಎಚ್‌ಐವಿಯ 'ಬಿ' ಬಗೆ ಹೆಚ್ಚು, ನಮ್ಮಲ್ಲಿ 'ಸಿ'. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು 2004ರಲ್ಲಿ 'ಸಿ' ಬಗೆಯ ಟ್ಯಾಟ್‌ನ ಒಂದು ವಿಶೇಷವನ್ನು ವರದಿ ಮಾಡಿದರು. ಅದರ 31ನೆಯ ಸ್ಥಾನದಲ್ಲಿ ಬಹುಮಟ್ಟಿಗೆ ಸಿಸ್ಟೀನ್ ಬದಲು ಸೆರೀನ್ ಇದೆ. ಇದರಿಂದ ಮೊನೊಸೈಟ್ ಎಂಬ ಬಿಳಿ ರಕ್ತಕಣಗಳನ್ನು ಸೆಳೆಯುವ ಅದರ ಶಕ್ತಿ ಕುಂದಿದೆ; ನಕಲುಯಂತ್ರ ಓಡಿಸುವ ಶಕ್ತಿ ಮಾತ್ರ ಕುಂದಿಲ್ಲ. 2012ರಲ್ಲಿ ಅದೇ ತಂಡ ಇನ್ನೊಂದು ಸಂಗತಿ ತಿಳಿಸಿತು. ವೈರಾಣುವಿನ ಡಿಎನ್‌ಎಯಲ್ಲಿ ನಕಲಿಗೆ ಚಾಲನೆ ಕೊಡುವ ಪ್ರೋಟೀನು ಬಂದು ಕೂರುವ ಪೀಠಗಳು 'ಬಿ'ಯಲ್ಲಿ ಸಾಮಾನ್ಯವಾಗಿ ಎರಡು, 'ಸಿ'ಯಲ್ಲಿ ಮೂರು. ನಾಲ್ಕು ಪೀಠಗಳ ತಳಿಯೊಂದು ಭಾರತದಲ್ಲಿ ತಲೆಯೆತ್ತಿತ್ತು. ಅದರ ನಕಲು ಇನ್ನೂ ಜೋರು.

ರೋಗಿಗೆ ಇದೆಲ್ಲ ಏಕೆ ಮುಖ್ಯ? ಸರ್ಕಾರ 2004ರ ಏಪ್ರಿಲ್‌ನಿಂದ ಉಚಿತವಾಗಿ ಕೊಡುತ್ತಿರುವ ಎಆರ್‌ಟಿ ಔಷಧಿ ಅಸಂಖ್ಯ ಜೀವ ಉಳಿಸಿದೆ. ಆದರೆ ಮಲಗಿದ ವೈರಾಣುವನ್ನು ಅದು ಮುಟ್ಟಲಾರದು. ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಾಣು ಎದ್ದು ಕೂರುತ್ತದೆ. ಆದ್ದರಿಂದಲೇ ಕೆಲವು ವಿಜ್ಞಾನಿಗಳು ಟ್ಯಾಟನ್ನು ಕಟ್ಟಿಹಾಕಿ ವೈರಾಣುವನ್ನು ಶಾಶ್ವತವಾಗಿ ಮಲಗಿಸಲು ನೋಡುತ್ತಿದ್ದಾರೆ. ಸಮುದ್ರದ ಸ್ಪಂಜಿನ ರಾಸಾಯನಿಕವೊಂದರ ಮಾದರಿಯಲ್ಲಿ ತಯಾರಿಸಿದ ವಸ್ತು, ಮನುಷ್ಯನ ರಕ್ತಕಣ ತುಂಬಿದ ಇಲಿಗಳಲ್ಲಿ ವೈರಾಣು ಮತ್ತೆ ಏಳುವುದನ್ನು ತಡಮಾಡಿಸಿದೆ. ರೋಗಿಯ ಕೈಗೆ ಬರಲು ಅದು ಇನ್ನೂ ದೂರ ಬರಬೇಕು. ಅಲ್ಲಿಯತನಕ ದಿನವೂ ಮಾತ್ರೆ, ಒಂದು ಹೊತ್ತೂ ತಪ್ಪದೆ.