ಮಾವಿನ ಗಿಡದ ಬುಡಕ್ಕೆ ಹೊಟ್ಟು ಬಿದ್ದದೇನ್ರಿ?

ಹುಮನಾಬಾದ್, ಬಸವಕಲ್ಯಾಣ ಕಡೆ ಹೊಲದಾಗ ಹಳೇ ಮಾವಿನ ಗಿಡ ಇದ್ದವರು ಇವತ್ತೇ ಬುಡ ನೋಡ್ರಿ. ಕಟ್ಟಿಗೆ ಹೊಟ್ಟು ಬಿದ್ದದ, ತೊಗಟೆಯ ತೂತಿನಿಂದ ರಸ ಸೋರ್ತದ ಅಂದ್ರ ಒಳಗ ಕಾಂಡ ಕೊರಕ ಇರಬಹುದು.

ಇದು ಬೂದು ಬಣ್ಣದ, ಸುಮಾರು ಎರಡು ಇಂಚಿನ, ಉದ್ದ ಮೀಸೆಯ ದುಂಬಿ. ಮಳೆಗಾಲದಾಗ ಹೊರಗ ಬಂದು ತೊಗಟೆಯ ಬಿರುಕಿನಾಗ, ಗಾಯದಾಗ ಮೊಟ್ಟೆ ಇಡ್ತದ. ಖರೇ ಹಾನಿ ಮಾಡೋದು ಅದರ ಮರಿಹುಳ. ಬೆಳ್ಳಗೆ, ಬೆರಳುದ್ದ ಬೆಳೆದು ತಿಂಗಳುಗಟ್ಟಲೆ ಕಾಂಡದೊಳಗ ಸುರಂಗ ಕೊರೀತದ. ನೀರು ಏರುವ ದಾರಿ ಕಡಿದು ಮೊದಲು ಒಂದು ಟೊಂಗಿ ಒಣಗ್ತದ, ಆಮೇಲೆ ಇಡೀ ಗಿಡ. ನೀರು ಸಾಲದು ಅಂದ್ಕೊಂಡು ನೀರು ಬಿಡ್ತಾ ಕೂತ್ರ ಅಜ್ಜ ಹಚ್ಚಿದ ಗಿಡ ಕೈಬಿಟ್ಟು ಹೋಗ್ತದ.

ಅಮೆರಿಕದಾಗ 2002ರಲ್ಲಿ ಪತ್ತೆಯಾದ ಇಂಥದೇ ಒಂದು ಹಸಿರು ಕೊರಕ ದುಂಬಿ ಕೋಟಿಗಟ್ಟಲೆ ಆ್ಯಶ್ ಮರ ಕೊಂದದ. ಆದ್ರ ನಮ್ಮ ಮಾವಿನ ಕೊರಕಕ್ಕ ಮದ್ದು ನಮ್ಮ ಕೈಯಾಗೇ ಅದ.

ತೂತಿನ ಹೊಟ್ಟು ತೆಗೆದು, ಗಟ್ಟಿ ತಂತಿ ತೂರಿಸಿ ಹುಳ ಚುಚ್ರಿ. ಸಿಗಲಿಲ್ಲ ಅಂದ್ರ ಸೀಮೆಎಣ್ಣೆಯಾಗ ಅದ್ದಿದ ಹತ್ತಿ ತುರುಕಿ, ಹಸಿ ಮಣ್ಣಿನಿಂದ ಬಾಯಿ ಮುಚ್ರಿ. ಮೊದಲೆಲ್ಲ ಡೈಕ್ಲೋರ್‌ವಾಸ್ ಹಾಕ್ತಿದ್ರು. 2020ರ ಡಿಸೆಂಬರ್ 31ರಿಂದ ದೇಶದಾಗ ಅದು ನಿಷೇಧ, ಯಾರು ಕೊಟ್ರೂ ತಗೋಬ್ಯಾಡ್ರಿ. ಎರಡು ವಾರ ಬಿಟ್ಟು ಮತ್ತ ನೋಡ್ರಿ. ಹೊಸ ಹೊಟ್ಟು ಬಿದ್ದಿದ್ರ ಮತ್ತೊಮ್ಮೆ ಮಾಡ್ರಿ. ಅನುಮಾನ ಇದ್ರ ಬೀದರ್ ಕೃಷಿ ವಿಜ್ಞಾನ ಕೇಂದ್ರಕ್ಕ ಕೇಳ್ರಿ.

ಕಡಿದ ಒಣ ಟೊಂಗಿ ಬದುವಿನಾಗ ಬಿಡಬ್ಯಾಡ್ರಿ, ಸುಟ್ಟುಬಿಡ್ರಿ. ಒಳಗಿನ ಹುಳ ದುಂಬಿಯಾಗಿ ಪಕ್ಕದ ಹೊಲದ ಗಿಡಕ್ಕ ಹಾರ್ತದ.