ಮುರಕಲ್ಲಿನಿಂದ ಮೊದಲುಗೊಳ್ಳುವ ಶಿಲಾಪಾಠ

ಶಿಲೆಗಳು ಮೂರು ವಿಧ: ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ. ಪ್ರೌಢಶಾಲೆಯ ಯಾವ ವಿದ್ಯಾರ್ಥಿಯನ್ನು ಎಬ್ಬಿಸಿ ಕೇಳಿದರೂ ಈ ಉತ್ತರ ತಡವಿಲ್ಲದೆ ಬರುತ್ತದೆ. ಆದರೆ "ನಿನ್ನ ಮನೆಯ ಗೋಡೆಯ ಕಲ್ಲು ಈ ಮೂರರಲ್ಲಿ ಯಾವುದು?" ಎಂದು ಕೇಳಿದೊಡನೆ ತರಗತಿ ಮೌನ ತಾಳುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಉಪಾಧ್ಯಾಯ ಮಿತ್ರರಿಗೆ ಈ ತೊಡಕಿಲ್ಲ. ಅಲ್ಲಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದ್ದು, ನಿಸ್ಸಂದೇಹವಾಗಿ ಅಗ್ನಿಶಿಲೆ. ಕಾಸರಗೋಡು ಸೀಮೆಯಲ್ಲಾದರೋ ಮನೆ, ಬಾವಿಕಟ್ಟೆ, ಶಾಲೆಯ ಪಾಗಾರ, ಕೆಳದಿಯ ನಾಯಕರ ಕಾಲದ ಬೇಕಲ ಕೋಟೆ ಎಲ್ಲವೂ ಮುರಕಲ್ಲಿನವು. ಈ ಕಲ್ಲು ಪಠ್ಯಪುಸ್ತಕದ ಮೂರು ಕೋಣೆಗಳಲ್ಲಿ ಯಾವುದರೊಳಗೂ ಸಲೀಸಾಗಿ ಕೂರುವುದಿಲ್ಲ. ಮಕ್ಕಳ ಮೌನಕ್ಕೆ ಕಾರಣವುಂಟು. ಆದುದರಿಂದಲೇ ನಮ್ಮ ಕಡೆಯ ಶಿಲಾಪಾಠವು ಈ ಕಲ್ಲಿನಿಂದಲೇ ಮೊದಲಾಗಬೇಕು ಎಂದು ನಾವು ಹೇಳುತ್ತೇವೆ.

ವಿಜ್ಞಾನಕ್ಕೆ ಈ ಕಲ್ಲಿನ ಪರಿಚಯವಾದುದೂ ಮಲಬಾರಿನಿಂದಲೇ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ನೆಲದಲ್ಲಿರುವಾಗ ಕಬ್ಬಿಣದ ಹತ್ಯಾರಿನಿಂದ ಸುಲಭವಾಗಿ ಕಡಿಯಬಹುದಾದ, ಹೊರತೆಗೆದು ಗಾಳಿಗಿಟ್ಟರೆ ಗಟ್ಟಿಯಾಗುವ ಈ ವಸ್ತುವನ್ನು ಅಂಗಾಡಿಪುರಂ ಎಂಬಲ್ಲಿ ಕಂಡನು. 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನಮ್ಮ 'ಜಂಬಿಟ್ಟಿಗೆ' ಎಂಬ ಮಾತಿನಲ್ಲಿಯೂ ಇಟ್ಟಿಗೆಯಿದೆಯಷ್ಟೆ. ಇದನ್ನು ತೋರಿಸಿಕೊಟ್ಟರೆ ಮಕ್ಕಳಿಗೆ ಆಗುವ ಸಂತೋಷ ಸಣ್ಣದಲ್ಲ.

ಇನ್ನು ಅದರ ಹುಟ್ಟಿನ ಕತೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಅದರ ಮೇಲೆ ಬಿಸಿಲು. ಈ ಎರಡರ ಕೆಲಸ ಲಕ್ಷಾಂತರ ವರ್ಷ ನಡೆದಾಗ ಅಡಿಯ ಗಟ್ಟಿ ಬಂಡೆ ಕೊಳೆಯುತ್ತದೆ. ಅದರಲ್ಲಿದ್ದ ಸುಣ್ಣ, ಸೋಡಾ, ಪೊಟ್ಯಾಷ್‌ಗಳೂ ಸಿಲಿಕದ ಬಹುಪಾಲೂ ನೀರಿನೊಡನೆ ತೊಳೆದುಹೋಗುತ್ತವೆ. ಕರಗಲೊಲ್ಲದ ಕಬ್ಬಿಣ ಮತ್ತು ಅಲ್ಯುಮಿನಿಯಮ್‌ಗಳ ಆಕ್ಸೈಡುಗಳು ಅಲ್ಲಿಯೇ ಉಳಿಯುತ್ತವೆ. ಮುರಕಲ್ಲೆಂದರೆ ಹೀಗೆ ಅಳಿದುಳಿದ ಕಲ್ಲು. ಅಲ್ಯುಮಿನಿಯಮ್ ಅಂಶ ಬಹಳವಾದಲ್ಲಿ ಅದೇ ಬಾಕ್ಸೈಟ್ ಅದಿರು.

ಇದನ್ನು ಕರಿಹಲಗೆಯ ಮೇಲೆ ಬರೆಯುವುದಕ್ಕಿಂತ, ಕೆಲಸ ನಿಂತಿರುವ ಹೊತ್ತಿನಲ್ಲಿ ಕಲ್ಲುಕೋರೆಯ ಅಂಚಿನ ಕಡಿದ ಗೋಡೆಯನ್ನು ದೂರದಿಂದ ತೋರಿಸುವುದು ಮೇಲು. ತುದಿಯಲ್ಲಿ ಹುಲ್ಲು ಮಾತ್ರ ಬೆಳೆಯುವ ಗಟ್ಟಿ ಹೆಪ್ಪು. ಅದರ ಕೆಳಗೆ ತೂತುತೂತಾದ, ಕಡಿಯಲು ಬರುವ ಕಲ್ಲು. ಅದಕ್ಕೂ ಕೆಳಗೆ ಬಿಳಿ, ಗುಲಾಬಿ ಬಣ್ಣದ ಶೇಡಿ ಮಣ್ಣು. ಎಲ್ಲಕ್ಕೂ ಅಡಿಯಲ್ಲಿ ಮೂಲದ ಗಟ್ಟಿ ಬಂಡೆ. (ಮಳೆಗಾಲದಲ್ಲಿ ನೀರು ತುಂಬಿದ ಹಳೆಯ ಕೋರೆಗಳ ಬಳಿಗೆ ಮಕ್ಕಳನ್ನು ಕೊಂಡೊಯ್ಯಲೇಬಾರದು.)

ತರಗತಿಯಲ್ಲಿ ಮಾಡತಕ್ಕ ಪ್ರಯೋಗಗಳಿಗೆ ಹಣ ಬೇಕಿಲ್ಲ. ಒಣಗಿದ ಮುರಕಲ್ಲಿನ ತುಂಡನ್ನೂ ರಸ್ತೆಯ ಜಲ್ಲಿಯ ಒಂದು ಕಲ್ಲನ್ನೂ ತೂಗಿ, ನೀರಿನಲ್ಲಿ ಮುಳುಗಿಸಿರಿ. ಮೊದಲನೆಯದರಿಂದ ಗುಳ್ಳೆಗಳು ಏಳುತ್ತವೆ. ಮರುದಿನ ತೂಗಿದರೆ ಅದರ ತೂಕ ಏರಿರುತ್ತದೆ. ಜಲ್ಲಿಯದು ಹೆಚ್ಚುಕಡಿಮೆ ಇದ್ದಂತೆಯೇ. ಇನ್ನೊಂದು: ಮುರಕಲ್ಲಿನ ಹಳದಿ ಭಾಗವನ್ನು ಕೆರೆದು ಪುಡಿಮಾಡಿ, ಕಬ್ಬಿಣದ ಸೌಟಿನಲ್ಲಿಟ್ಟು ಕೆಂಡದ ಮೇಲೆ ಉಪಾಧ್ಯಾಯರೇ ಚೆನ್ನಾಗಿ ಕಾಯಿಸಬೇಕು. ಪುಡಿ ಕೆಂಪಾಗುತ್ತದೆ. ಹಳದಿಯದು ನೀರಿನಂಶವುಳ್ಳ ಗೋಥೈಟ್. ನೀರು ಬಿಟ್ಟುಹೋದ ಮೇಲೆ ಉಳಿದದ್ದು ಹೆಮಟೈಟ್. ಮಂಗಳೂರು ಹಂಚು ಆವೆಯಲ್ಲಿ ಕೆಂಪಾಗುವುದೂ ಹೆಮಟೈಟಿನ ಬಣ್ಣದಿಂದಲೇ. ಗೋಥೈಟ್, ಹೆಮಟೈಟ್ ಇವು ಖನಿಜಗಳು. ಇವು ಕೂಡಿ ಆದದ್ದು ಕಲ್ಲು. ಒಗ್ಗರಣೆ ಅವಲಕ್ಕಿಯಲ್ಲಿ ಅವಲಕ್ಕಿ, ಕಡಲೆಬೇಳೆ, ಸಾಸಿವೆ ಬೇರೆಬೇರೆಯಾಗಿ ಕಾಣುವುದಿಲ್ಲವೆ? ಹಾಗೆ. ಈ ಭೇದವನ್ನು ವ್ಯಾಖ್ಯೆಯಿಂದ ತಿಳಿಸಹೊರಟರೆ ಒಂದು ಪಾಠದ ಅವಧಿಯೂ ಸಾಲದು. ಸೌಟಿನಿಂದ ಹತ್ತು ನಿಮಿಷ ಸಾಕು.

ಮುರಕಲ್ಲಿನ ಗುಣವನ್ನು ಶಾಸ್ತ್ರಜ್ಞರಷ್ಟೇ ಚೆನ್ನಾಗಿ ಬಲ್ಲವರು ನಮ್ಮ ಸುರಂಗ ತೋಡುವವರು. ಒಬ್ಬ ಮನುಷ್ಯ ಹಿಡಿಸುವಷ್ಟು ಅಗಲ, ಆಳೆತ್ತರ. ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡಲಾಗಿ ನೀರಿನ ಒಸರು ಸಿಕ್ಕುವವರೆಗೆ ಪಿಕ್ಕಾಸಿನಿಂದ ಕಡಿಯುತ್ತಾರೆ. ಮೇಲಿನ ತೂತುಕಲ್ಲಿನಲ್ಲಿ ಇಳಿದ ಮಳೆನೀರು ಶೇಡಿಯನ್ನು ದಾಟಲಾರದೆ ಅಡ್ಡ ಹರಿಯುತ್ತದೆ ಎಂಬುದೇ ಈ ವಿದ್ಯೆಯ ಮೂಲ. ಗಾಳಿ ತಾಗಿದ ಗೋಡೆ ಗಟ್ಟಿಯಾಗುವುದರಿಂದ ಮುರಕಲ್ಲಿನಲ್ಲಿ ತೋಡಿದ ಸುರಂಗ ಆಧಾರವಿಲ್ಲದೆ ನಿಲ್ಲುತ್ತದೆ. ಉರಿಯುವ ಮೊಂಬತ್ತಿ ಮಂಕಾದರೆ ಒಳಗೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹೊರಬರುತ್ತಾರೆ. ಸುರಂಗದ ನೀರು ಪಂಪಿನ ಹಂಗಿಲ್ಲದೆ ತಾನಾಗಿ ತೋಟಕ್ಕೆ ಇಳಿಯುತ್ತದೆ. ಈಗ ಕೊಳವೆಬಾವಿಗಳು ಬಂದಿವೆ. ಸುರಂಗ ತೋಡಬಲ್ಲವರು ವೃದ್ಧರಾಗಿದ್ದಾರೆ. ಯಂತ್ರದ ಗರಗಸಗಳು ಗುಡ್ಡಗಳನ್ನು ಸಮತಟ್ಟು ಮಾಡುತ್ತಿವೆ. ಮನೆಗೆ ಕಲ್ಲು ಬೇಕು, ನಿಜ. ಆದರೆ ತೂತುಕಲ್ಲಿನ ಗುಡ್ಡ ಹೋದಲ್ಲಿ, ಅದು ಹೀರಿಟ್ಟುಕೊಳ್ಳುತ್ತಿದ್ದ ನೀರೂ ಹೋಗುತ್ತದೆ. ತೂಗಿ ನೋಡಿದ ಮಗುವಿಗೆ ಇದನ್ನು ಯಾರೂ ಬೇರೆಯಾಗಿ ಹೇಳಬೇಕಾಗಿಲ್ಲ.

ಇಷ್ಟಾದ ಮೇಲೆ ಮೂರು ವಿಧಗಳ ಪಾಠಕ್ಕೆ ಹೋಗಬಹುದು. ಆಗ ಅರೆಯುವ ಕಲ್ಲು, ಹೊಳೆಯ ಬೆಣಚುಕಲ್ಲು, ಮಿನುಗುವ ಕಾಗೆಬಂಗಾರ ಎಲ್ಲವೂ ಮಕ್ಕಳ ಕೈಯಿಂದಲೇ ಬರುತ್ತವೆ. ಬೆಣಚುಕಲ್ಲು ಗಾಜನ್ನು ಗೀರುತ್ತದೆ, ಕಾಗೆಬಂಗಾರ ಉಗುರಿಗೇ ಎಸಳೆಸಳಾಗಿ ಏಳುತ್ತದೆ ಎಂಬುದನ್ನು ಅವರೇ ಕಾಣುತ್ತಾರೆ. ಕಪಾಟಿನಲ್ಲಿಡುವ ಪ್ರತಿಯೊಂದು ತುಂಡಿಗೂ ಚೀಟಿ ಅಂಟಿಸಿ, ಸಿಕ್ಕಿದ ಗುಡ್ಡದ ಹೆಸರು, ತಂದ ತಾರೀಕುಗಳೊಡನೆ, ಮನೆಮಾತಿನ ಹೆಸರನ್ನು ಮೊದಲು ಬರೆಯಿಸಬೇಕು. ಮುರಕಲ್ಲು, ಜಂಬಿಟ್ಟಿಗೆ, ನೆರೆಯ ಮಲೆಯಾಳದ ಚೆಂಕಲ್ಲು. ಲ್ಯಾಟರೈಟ್ ಎಂಬುದು ಕೊನೆಯ ಸಾಲಿನಲ್ಲಿ.