ಗರ್ಭಿಣಿಯ ಆರೈಕೆಯಲ್ಲೂ ವರ್ಣಭೇದ



ದೊಡ್ಡ ಆಸ್ಪತ್ರೆ, ನುರಿತ ವೈದ್ಯರು, ಬೇಕಾದ ಔಷಧಿ ಎಲ್ಲವೂ ಇರುವ ದೇಶದಲ್ಲಿ ಯಾವ ತಾಯಿಯೂ ಹೆರಿಗೆಯಿಂದ ಸಾಯಲಾರಳು ಎಂದು ನಾವು ಭಾವಿಸುತ್ತೇವೆ. ಅಮೆರಿಕದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2021ರಲ್ಲಿ ಅಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ ಸುಮಾರು 27 ಬಿಳಿಯ ತಾಯಂದಿರು ತೀರಿಕೊಂಡರೆ, ಕಪ್ಪು ವರ್ಣೀಯ ತಾಯಂದಿರಲ್ಲಿ ಆ ಸಂಖ್ಯೆ ಸುಮಾರು 70.

ಈ ಅಂತರ ಮೊದಲ ತಿಂಗಳುಗಳಲ್ಲೇ ಶುರುವಾಗುತ್ತದೆ. 2016ರಲ್ಲಿ ಬಿಳಿಯ ಗರ್ಭಿಣಿಯರಲ್ಲಿ ಶೇ. 82ರಷ್ಟು ಮಂದಿ ಮೊದಲ ಮೂರು ತಿಂಗಳೊಳಗೆ ತಪಾಸಣೆಗೆ ಹೋಗಿದ್ದರು; ಕಪ್ಪು ವರ್ಣೀಯರಲ್ಲಿ ಹೋದವರು ಸುಮಾರು ಶೇ. 67. ವಿಮೆ ಇಲ್ಲದವರು, ಕೆಲಸಕ್ಕೆ ರಜೆ ಹಾಕಲಾಗದವರು, ಹೆರಿಗೆ ವಿಭಾಗ ಮುಚ್ಚಿಹೋದ ಊರಿನವರು ತಡವಾಗಿ ಹೋಗುತ್ತಾರೆ. ಬಡವರಿಗೆ ಮೆಡಿಕೇಡ್ ಎಂಬ ಸರಕಾರಿ ವಿಮೆ ಇದೆ. ಆದರೆ ಅನೇಕರು ಅದಕ್ಕೆ ಅರ್ಹರಾಗುವುದೇ ಬಸುರಾದ ಮೇಲೆ.

ತಡವಾದರೇನು ಎಂದು ಕೇಳಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತಹೀನತೆಗಳು ಹೆಚ್ಚಾಗಿ ಸದ್ದಿಲ್ಲದೆ ಬರುತ್ತವೆ. ಪರೀಕ್ಷೆ ಮಾಡಿದಾಗಲೇ ತಿಳಿಯುತ್ತವೆ. ಆರಂಭದಲ್ಲಿ ಗುಳಿಗೆಯಿಂದ ಹತೋಟಿಗೆ ಬರುವ ಕಾಯಿಲೆ ಎಂಟನೇ ತಿಂಗಳಲ್ಲಿ ತಾಯಿ ಮಗು ಇಬ್ಬರ ಪ್ರಾಣಕ್ಕೂ ಎರವಾಗಬಹುದು.

ಇದು ಬಡತನದ ಪ್ರಶ್ನೆ ಮಾತ್ರವಲ್ಲ. ಅಲ್ಲಿನ ಸಿಡಿಸಿ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪದವೀಧರ ಕಪ್ಪು ವರ್ಣೀಯ ತಾಯಂದಿರ ಸಾವಿನ ಪ್ರಮಾಣವು ಹೈಸ್ಕೂಲು ಮುಗಿಸದ ಬಿಳಿಯ ತಾಯಂದಿರಿಗಿಂತಲೂ ಹೆಚ್ಚು. ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ 2017ರಲ್ಲಿ ಹೆತ್ತ ಮರುದಿನ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬೇಕು ಎಂದಾಗ ನರ್ಸ್ ಅದನ್ನು ಔಷಧಿಯ ಮಂಪರು ಎಂದುಕೊಂಡರು. ಪಟ್ಟುಹಿಡಿದು ಸ್ಕ್ಯಾನ್ ಮಾಡಿಸಿದಾಗ ಅವರ ಮಾತೇ ನಿಜವಾಗಿತ್ತು. ಹಣ, ಹೆಸರು ಎರಡೂ ಇದ್ದವರ ಮಾತಿಗೇ ಇಷ್ಟು ಬೆಲೆಯಾದರೆ ಉಳಿದವರ ಗತಿಯೇನು?

ನಮ್ಮ ದೇಶದಲ್ಲೂ ಅಂತರವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕನಿಷ್ಠ ನಾಲ್ಕು ಬಾರಿ ತಪಾಸಣೆ ಪಡೆದವರು ನಗರದಲ್ಲಿ ಶೇ. 68, ಹಳ್ಳಿಯಲ್ಲಿ ಶೇ. 54. ಆದ್ದರಿಂದ ನಮ್ಮ ಮನೆಯ, ನೆರೆಮನೆಯ ಗರ್ಭಿಣಿಯರು 12 ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯುವಂತೆ ನೋಡಿಕೊಳ್ಳೋಣ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಯುತ್ತದೆ. ಹೋಗಿಬರುವ ಖರ್ಚಿಗಿಲ್ಲದವರಿಗೆ ನಾವು ನೆರವಾಗೋಣ. ತೀವ್ರ ತಲೆನೋವು, ಕಣ್ಣು ಮಂಜು, ಮುಖ ಕೈಗಳ ಬಾವು ಎಂದು ಆಕೆ ಹೇಳಿದರೆ, ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ತಳ್ಳಿಹಾಕದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯೋಣ.